ಬಯಲಲ್ಲಿ ನಿಂತ ಶಿಲೆ: ಫ್ಲಾರೆನ್ಸಿನ ಡೇವಿಡ್, ಕಾರ್ಕಳದ ಗೊಮ್ಮಟ

ಇಟಲಿಯ ಫ್ಲಾರೆನ್ಸ್ ನಗರದ ನಡುವೆ ಪಿಯಾಜಾ ಡೆಲ್ಲಾ ಸಿನ್ಯೊರಿಯಾ ಎಂಬ ಹಳೆಯ ಚೌಕವಿದೆ. ಅಲ್ಲಿಯ ಅರಮನೆಯ ಬಾಗಿಲ ಪಕ್ಕದಲ್ಲಿ, ಎತ್ತರದ ಪೀಠದ ಮೇಲೆ, ಬಿಳಿ ಅಮೃತಶಿಲೆಯ ಬೆತ್ತಲೆ ತರುಣನೊಬ್ಬ ನಿಂತಿದ್ದಾನೆ. ಮೈಕೆಲೆಂಜೆಲೊ ಕಡೆದ ಡೇವಿಡ್ ಇವನೇ ಎಂದುಕೊಂಡು ಪ್ರವಾಸಿಗರು ಅವನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ಆದರೆ ಅದು 1910ರಲ್ಲಿ ನಿಲ್ಲಿಸಿದ ಪ್ರತಿಕೃತಿ. ಮೂಲ ಶಿಲ್ಪ 1504ರಿಂದ 1873ರ ವರೆಗೆ ಅದೇ ಜಾಗದಲ್ಲಿ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿತ್ತು. ಈಗ ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ಆಚೆ, ಅಕಾಡೆಮಿಯಾ ಗ್ಯಾಲರಿಯ ಗಾಜಿನ ಮಾಡಿನ ಕೆಳಗೆ ಇದೆ.

ಆ ಡೇವಿಡ್ ಚೌಕಕ್ಕೆ ಬರುವುದಕ್ಕೆ 72 ವರ್ಷ ಮೊದಲೇ, 1432ರಲ್ಲಿ, ತುಳುನಾಡಿನ ಕಾರ್ಕಳದ ಬಂಡೆಬೆಟ್ಟದ ಮೇಲೆ ಇನ್ನೊಬ್ಬ ಬೆತ್ತಲೆ ವೀರ ನಿಂತಿದ್ದ. ಅವನು ಇಂದಿಗೂ ಅಲ್ಲಿಯೇ ಇದ್ದಾನೆ. ಮಾಡಿಲ್ಲ, ಗಾಜಿಲ್ಲ, ಪ್ರತಿಕೃತಿಯಿಲ್ಲ. ಒಂದು ದೊಡ್ಡ ಶಿಲ್ಪವನ್ನು ನೋಡಲು ಹೋಗುವುದು ಎಂದರೆ ಕಲ್ಲನ್ನು ಮಾತ್ರ ನೋಡುವುದಲ್ಲ. ಅದು ಯಾವ ಜಾಗಕ್ಕೆಂದು ಬಂತು, ಹೇಗೆ ಬಂತು, ಅಲ್ಲಿ ಏನನ್ನು ತಾಳಿಕೊಂಡಿತು ಎಂಬುದನ್ನೂ ನೋಡುವುದು. ಈ ಎರಡು ಶಿಲ್ಪಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಎರಡೂ ಹೆಚ್ಚು ತಿಳಿಯುತ್ತವೆ.

ಡೇವಿಡ್‌ನ ಕತೆ ಶುರುವಾಗುವುದು ಒಂದು ಕೆಟ್ಟುಹೋದ ಕಲ್ಲಿನಿಂದ. ಫ್ಲಾರೆನ್ಸಿನ ಮಹಾ ಇಗರ್ಜಿಯ ಮೇಲಂಚಿನ ಆಸರೆಗೋಡೆಗಳ ಮೇಲೆ ಬೈಬಲಿನ ವೀರರ ದೊಡ್ಡ ಮೂರ್ತಿಗಳನ್ನು ಇಡಬೇಕೆಂದು ಇಗರ್ಜಿಯ ಕಟ್ಟಡ ನೋಡಿಕೊಳ್ಳುತ್ತಿದ್ದ ಮಂಡಳಿಗೆ ಬಹುಕಾಲದ ಆಸೆಯಿತ್ತು. ಅದಕ್ಕಾಗಿ ಕರಾರಾದ ಗಣಿಯಿಂದ ಭಾರೀ ಉದ್ದದ ಅಮೃತಶಿಲೆಯ ಒಂದು ದಿಂಡನ್ನು ತರಿಸಲಾಯಿತು. 1464ರಲ್ಲಿ ಅಗೊಸ್ಟಿನೊ ಡಿ ದೂಚ್ಚೊ ಎಂಬ ಶಿಲ್ಪಿ ಅದರ ಕೆಲಸ ಹಿಡಿದು, ಕಾಲಿನ ಭಾಗವನ್ನು ಒರಟಾಗಿ ಬಿಡಿಸುವಷ್ಟರಲ್ಲಿ ಕೈಬಿಟ್ಟ. ಹತ್ತು ಹನ್ನೆರಡು ವರ್ಷಗಳ ಮೇಲೆ ಆಂಟೊನಿಯೊ ರೊಸೆಲ್ಲಿನೊ ಎಂಬಾತನಿಗೆ ಒಪ್ಪಿಸಿದರು, ಅವನಿಂದಲೂ ಆಗಲಿಲ್ಲ. ಕಲ್ಲು ಇಗರ್ಜಿಯ ಹಿಂದಿನ ಅಂಗಳದಲ್ಲಿ ಸುಮಾರು 25 ವರ್ಷ ಹಾಗೇ ಬಿದ್ದಿತ್ತು. ಊರಿನವರು ಅದನ್ನು ‘ರಾಕ್ಷಸ’ ಎಂದು ಕರೆಯುತ್ತಿದ್ದರು.

ಆ ದಿಂಡು ಉದ್ದವಾಗಿತ್ತು, ದಪ್ಪ ಮಾತ್ರ ಸಾಲದಾಗಿತ್ತು. ಹಿಂದಿನವನು ತೆಗೆದದ್ದನ್ನು ಮತ್ತೆ ಸೇರಿಸುವಂತಿಲ್ಲ. 1501ರ ಆಗಸ್ಟ್ 16ರಂದು 26 ವರ್ಷದ ಮೈಕೆಲೆಂಜೆಲೊ ಆ ಕೆಲಸವನ್ನು ಒಪ್ಪಿಕೊಂಡ. ಕರಾರಿನ ಪ್ರಕಾರ ತಿಂಗಳಿಗೆ ಆರು ಫ್ಲೊರಿನ್ ಸಂಬಳ, ಎರಡು ವರ್ಷದ ಗಡುವು. ಸೆಪ್ಟೆಂಬರ್ 13ರಂದು ಉಳಿ ತಾಗಿಸಿದ. ಸುತ್ತ ತಡಿಕೆ ಕಟ್ಟಿಕೊಂಡು, ಯಾರನ್ನೂ ಒಳಗೆ ಬಿಡದೆ ದುಡಿದ. ಮುಗಿದ ಮೂರ್ತಿಯ ಎತ್ತರ 5.17 ಮೀಟರ್, ಅಂದರೆ 17 ಅಡಿ. ತೂಕ ಐದೂವರೆ ಟನ್ನಿನಷ್ಟು. ಕಲ್ಲಿನ ಇಡೀ ಉದ್ದವನ್ನು ಶಿಲ್ಪಿ ಬಳಸಿಕೊಂಡಿದ್ದ. ಹಳೆಯ ದಿಂಡಿನ ಒರಟು ತುದಿ ಮೂರ್ತಿಯ ನೆತ್ತಿಯ ಮೇಲೆ ಹಾಗೇ ಉಳಿದಿತ್ತು ಎಂದು ಜೀವನಚರಿತ್ರೆಕಾರರು ಬರೆದಿದ್ದಾರೆ. ಡೇವಿಡ್‌ನ ಮೈ ಮುಂದಿನಿಂದ ಅಗಲವಾಗಿಯೂ ಪಕ್ಕದಿಂದ ತೆಳುವಾಗಿಯೂ ಕಾಣುವುದಕ್ಕೆ ಕಾರಣ ಕಲ್ಲಿನ ಈ ಕೊರತೆ. ಬೇರೆಯವರು ಕೆಡಿಸಿಟ್ಟ ಕಲ್ಲಿನೊಳಗೆ ಇಂಥ ನಿಲುವನ್ನು ಕಂಡುಕೊಂಡದ್ದೇ ಮೈಕೆಲೆಂಜೆಲೊನ ದೊಡ್ಡತನ.

ಮೂರ್ತಿ ಮುಗಿಯುತ್ತ ಬಂದಾಗ ಅದನ್ನು ಇಗರ್ಜಿಯ ಮೇಲೆ ಏರಿಸುವುದು ಸಾಧ್ಯವೂ ಅಲ್ಲ, ಸಲ್ಲುವುದೂ ಅಲ್ಲ ಎಂಬುದು ಎಲ್ಲರಿಗೂ ಗೊತ್ತಾಯಿತು. ಎಲ್ಲಿ ಇಡಬೇಕೆಂದು ನಿರ್ಧರಿಸಲು 1504ರ ಜನವರಿ 25ರಂದು ಸುಮಾರು ಮೂವತ್ತು ಮಂದಿಯ ಸಭೆ ಸೇರಿತು. ಲಿಯೊನಾರ್ಡೊ ಡ ವಿಂಚಿ, ಬೊಟಿಚೆಲ್ಲಿ, ಫಿಲಿಪ್ಪಿನೊ ಲಿಪ್ಪಿ, ಜುಲಿಯಾನೊ ಡ ಸಂಗಾಲ್ಲೊ ಮೊದಲಾದವರೆಲ್ಲ ಆ ಸಭೆಯಲ್ಲಿದ್ದರು. ಒಂದು ಶಿಲ್ಪದ ಜಾಗವನ್ನು ಗೊತ್ತುಮಾಡಲು ಅಷ್ಟು ಮಂದಿ ದೊಡ್ಡ ಕಲಾವಿದರು ಒಟ್ಟಿಗೆ ಕುಳಿತ ಉದಾಹರಣೆ ಕಲೆಯ ಇತಿಹಾಸದಲ್ಲಿ ಅಪರೂಪ. ಅಮೃತಶಿಲೆ ಮೆದು, ಮಳೆಗಾಳಿಗೆ ಬಿಟ್ಟರೆ ಹಾಳಾಗುತ್ತದೆ, ಚೌಕದ ಬದಿಯ ಕಮಾನು ಮಂಟಪದ ಮಾಡಿನಡಿ ಇಡೋಣ ಎಂದು ಸಂಗಾಲ್ಲೊ ಹೇಳಿದ. ಲಿಯೊನಾರ್ಡೊ ಅದನ್ನು ಅನುಮೋದಿಸಿದ. ಆದರೆ ಕೊನೆಗೆ ಗೆದ್ದದ್ದು ಇನ್ನೊಂದು ಮಾತು: ಅರಮನೆಯ ಬಾಗಿಲ ಬಳಿ, ಬಯಲಿನಲ್ಲಿ, ಎಲ್ಲರಿಗೂ ಕಾಣುವಂತೆ. ಊರನ್ನು ಆಳುತ್ತಿದ್ದ ಮೆಡಿಚಿ ಮನೆತನವನ್ನು ಓಡಿಸಿ ಆಗ ಫ್ಲಾರೆನ್ಸ್ ಗಣರಾಜ್ಯವಾಗಿತ್ತು. ಗೊಲ್ಯಾತನೆಂಬ ದೈತ್ಯನಿಗೆ ಎದುರು ನಿಂತ ಕುರಿಕಾಯುವ ಹುಡುಗ ಡೇವಿಡ್‌ನಲ್ಲಿ ಆ ಚಿಕ್ಕ ಗಣರಾಜ್ಯ ತನ್ನ ಮುಖ ಕಂಡುಕೊಂಡಿತು. ಇಗರ್ಜಿಗೆಂದು ಕಡೆದ ಮೂರ್ತಿ ಹೀಗೆ ಊರ ಚಾವಡಿಯ ಮೂರ್ತಿಯಾಯಿತು. ಸಂಗಾಲ್ಲೊನ ಎಚ್ಚರಿಕೆ ಸರಿಯಾಗಿಯೇ ಇತ್ತು. ಅದು ನಿಜವಾಗಲು ಮುನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಸಾಗಣೆಯೇ ಒಂದು ಸಾಹಸ. 1504ರ ಮೇ 14ರ ರಾತ್ರಿ ಮೂರ್ತಿಯನ್ನು ಕೆಲಸದ ಅಂಗಳದಿಂದ ಹೊರಡಿಸಿದರು. ಹೊರಗೆ ತರಲು ಬಾಗಿಲ ಮೇಲಿನ ಗೋಡೆಯನ್ನು ಒಡೆಯಬೇಕಾಯಿತು. ಮರದ ಚೌಕಟ್ಟಿನೊಳಗೆ ಹಗ್ಗಗಳಿಂದ ತೂಗುಹಾಕಿದ ಮೂರ್ತಿ. ಚೌಕಟ್ಟಿನ ಅಡಿಗೆ ಕೊಬ್ಬು ಸವರಿದ ದಿಮ್ಮಿಗಳು. ಮರವಂತೆ, ಗಂಗೊಳ್ಳಿ ಕಡೆಯ ಮೀನುಗಾರರು ದೋಣಿಯನ್ನು ದಿಮ್ಮಿ ಕೊಟ್ಟು ಮರಳ ಮೇಲೆ ಸರಿಸುವ ಹಾಗೆ, ಹಿಂದೆ ಉಳಿದ ದಿಮ್ಮಿಯನ್ನು ಮುಂದಕ್ಕೆ ತಂದು ಹಾಕುತ್ತ ನಲವತ್ತಕ್ಕೂ ಹೆಚ್ಚು ಆಳುಗಳು ತಳ್ಳಿದರು. ಅರ್ಧ ಮೈಲಿ ದಾರಿಗೆ ನಾಲ್ಕು ದಿನ ಬೇಕಾಯಿತು. ರಾತ್ರಿ ಯಾರೋ ಮೂರ್ತಿಗೆ ಕಲ್ಲು ಹೊಡೆದರು, ಕಾವಲು ಹಾಕಬೇಕಾಯಿತು. ಜೂನ್‌ನಲ್ಲಿ ಪೀಠದ ಜಾಗಕ್ಕೆ ಏರಿಸಿ, ಸೆಪ್ಟೆಂಬರ್ 8ರಂದು ಜನರಿಗೆ ತೋರಿಸಿದರು. ಅದೇ ಜಾಗದಲ್ಲಿದ್ದ, ಶಿಲ್ಪಿ ದೊನಾಟೆಲ್ಲೊನ ಜೂಡಿತ್ ಎಂಬ ಕಂಚಿನ ಮೂರ್ತಿ ಬೇರೆಡೆಗೆ ಹೋಯಿತು. ಬೆತ್ತಲೆ ಮೈಗೆ ನಡುವಿನ ಸುತ್ತ ಲೋಹದ ಎಲೆಗಳ ಮಾಲೆಯೊಂದನ್ನು ಊರಿನ ಆಡಳಿತವೇ ಕಟ್ಟಿಸಿತು.

ಅಂದಿನಿಂದ ಆ ಕಲ್ಲು ಊರಿನ ಏಳುಬೀಳುಗಳಿಗೆಲ್ಲ ಮೈಯೊಡ್ಡಿತು. 1512ರಲ್ಲಿ ಪೀಠಕ್ಕೆ ಸಿಡಿಲು ಹೊಡೆಯಿತು. 1527ರಲ್ಲಿ, ಮರಳಿ ಬಂದಿದ್ದ ಮೆಡಿಚಿಗಳ ವಿರುದ್ಧ ಜನ ಎದ್ದಾಗ, ಅರಮನೆಯೊಳಗಿದ್ದವರು ಕಿಟಕಿಯಿಂದ ಎಸೆದ ಬೆಂಚೊಂದು ಬಡಿದು ಡೇವಿಡ್‌ನ ಎಡಗೈ ಮೂರು ತುಂಡಾಯಿತು. ಆಗ ಹುಡುಗರಾಗಿದ್ದ ವಸಾರಿ ಮತ್ತು ಸಾಲ್ವಿಯಾತಿ ಆ ತುಂಡುಗಳನ್ನು ಹೆಕ್ಕಿ ಮನೆಯಲ್ಲಿ ಜೋಪಾನ ಮಾಡಿದರು. ಮುಂದೆ ಕಲಾವಿದರ ಜೀವನಚರಿತ್ರೆಗಳನ್ನು ಬರೆದು ಪ್ರಸಿದ್ಧನಾದವನು ಇದೇ ವಸಾರಿ. 1543ರಲ್ಲಿ ಕೈಯನ್ನು ಜೋಡಿಸಲಾಯಿತು. ಜೋಡಿಸಿದ ಗೆರೆ ಇಂದಿಗೂ ಕಾಣುತ್ತದೆ. 1843ರಲ್ಲಿ ಚೊಕ್ಕಟ ಮಾಡುವ ಹುಮ್ಮಸ್ಸಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದರು. ಮೂರು ಶತಮಾನದ ಮಳೆ ಮಾಡಿದ್ದಕ್ಕಿಂತ ದೊಡ್ಡ ಗಾಯವನ್ನು ಆ ತೊಳೆತ ಮಾಡಿತು ಎಂದರೆ ತಪ್ಪಾಗದು: ಮೈಕೆಲೆಂಜೆಲೊ ನಯಮಾಡಿಟ್ಟಿದ್ದ ಮೇಲ್ಮೈ ಅಲ್ಲಿ ತಿಂದುಹೋಯಿತು. ಕಣಕಾಲಿನ ಬಳಿ ಬಿರುಕುಗಳು ಕಂಡವು. 1873ರಲ್ಲಿ ಬೀದಿಯಲ್ಲಿ ಹಳಿ ಹಾಕಿ, ಮರದ ಗಾಡಿಯಲ್ಲಿ ಕೂರಿಸಿ ಅಕಾಡೆಮಿಯಾಕ್ಕೆ ಒಯ್ದರು. ಅದಕ್ಕೆಂದು ಕಟ್ಟುತ್ತಿದ್ದ ಕೋಣೆ ಸಿದ್ಧವಾಗಿರಲಿಲ್ಲವಾದ್ದರಿಂದ ಮೂರ್ತಿ ಒಂಬತ್ತು ವರ್ಷ ಪೆಟ್ಟಿಗೆಯೊಳಗೇ ಇತ್ತು. ಒಳಗೆ ಹೋದ ಮೇಲೂ ಅಪಾಯ ತಪ್ಪಲಿಲ್ಲ. 1991ರಲ್ಲಿ ಒಬ್ಬಾತ ಸುತ್ತಿಗೆ ಅಡಗಿಸಿ ತಂದು ಎಡಗಾಲಿನ ಬೆರಳನ್ನು ಒಡೆದ.

ಇಂದು ಫ್ಲಾರೆನ್ಸಿಗೆ ಹೋಗುವವರು ಮೂರು ಡೇವಿಡ್‌ಗಳನ್ನು ಕಾಣಬಹುದು: ಗ್ಯಾಲರಿಯೊಳಗಿನ ಮೂಲ, ಚೌಕದ ಅಮೃತಶಿಲೆಯ ಪ್ರತಿಕೃತಿ, ಊರನ್ನು ಮೇಲಿನಿಂದ ನೋಡುವ ಗುಡ್ಡದ ಮೇಲಿನ ಕಂಚಿನ ಪ್ರತಿಕೃತಿ. ಮೂಲವನ್ನು ನೋಡಲು ಮುಂಗಡ ಟಿಕೆಟ್ ತೆಗೆದುಕೊಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಸರತಿಯ ಸಾಲಿನಲ್ಲೇ ಅರ್ಧ ದಿನ ಹೋಗುತ್ತದೆ. ಸೋಮವಾರ ಗ್ಯಾಲರಿಗೆ ರಜೆ. ಒಳಗೆ ಹೋದವರು ಮೂರ್ತಿಯ ಮುಂದೆ ನಿಂತು ತಿರುಗಿ ಬರುವುದು ವಾಡಿಕೆ. ಸುತ್ತು ಬಂದು ನೋಡಬೇಕು. ಮುಂದಿನಿಂದ ನೋಡಿದಾಗ ಆರಾಮವಾಗಿ ನಿಂತ ಚೆಲುವ. ಅವನ ಎಡಬದಿಗೆ ಬಂದು ಮುಖವನ್ನು ನೇರವಾಗಿ ನೋಡಿದಾಗ ಹುಬ್ಬು ಗಂಟಿಕ್ಕಿದೆ, ಕಣ್ಣು ದೂರದ ಯಾವುದನ್ನೋ ಅಳೆಯುತ್ತಿದೆ. ಕೆಳಗೆ ಇಳಿಬಿಟ್ಟ ಬಲಗೈ ಅಳತೆಗೆ ಮೀರಿ ದೊಡ್ಡದು. ಅದರ ಮೇಲೆ ನರಗಳು ಉಬ್ಬಿವೆ. ಎಡ ಹೆಗಲ ಮೇಲೆ ಕವಣೆ. ಬಲಗಾಲ ಹಿಂದೆ ಮರದ ಬೊಡ್ಡೆಯೊಂದಿದೆ. ಅದು ಅಲಂಕಾರಕ್ಕಲ್ಲ, ಐದೂವರೆ ಟನ್ ಭಾರವನ್ನು ಆ ತೆಳುವಾದ ಕಣಕಾಲುಗಳಷ್ಟೇ ಹೊರಲಾರವೆಂದು ಕೊಟ್ಟ ಆಧಾರ. ಹಿಂದಿನ ಶಿಲ್ಪಿಗಳ ಡೇವಿಡ್ ಗೊಲ್ಯಾತನ ಕಡಿದ ತಲೆಯನ್ನು ಮೆಟ್ಟಿ ನಿಂತವನು. ಮೈಕೆಲೆಂಜೆಲೊನ ಡೇವಿಡ್‌ನ ಕಾಲಡಿ ತಲೆಯಿಲ್ಲ. ಯುದ್ಧ ಇನ್ನೂ ಆಗಿಲ್ಲ.

ಈ ಕೊನೆಯ ಮಾತನ್ನು ನೆನಪಿಟ್ಟುಕೊಂಡು ಕಾರ್ಕಳಕ್ಕೆ ಬರಬೇಕು. ಅಲ್ಲಿ ನಿಂತಿರುವ ಗೊಮ್ಮಟ, ಅಂದರೆ ಬಾಹುಬಲಿ, ಯುದ್ಧ ಮುಗಿಸಿದವನು. ಆದಿತೀರ್ಥಂಕರ ವೃಷಭನಾಥನ ಮಕ್ಕಳಾದ ಭರತ ಬಾಹುಬಲಿಯರ ನಡುವೆ ನಡೆದದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲೂ ಗೆದ್ದ ಬಾಹುಬಲಿ ಅಣ್ಣನನ್ನು ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸದೆ ಇಳಿಸಿ, ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು ತಪಸ್ಸಿಗೆ ನಿಂತ. ಹುತ್ತ ಬೆಳೆಯಿತು, ಹಾವು ಹರಿದವು, ಬಳ್ಳಿ ತೊಡೆ ತೋಳುಗಳನ್ನು ಸುತ್ತಿತು. ಹತ್ತನೆಯ ಶತಮಾನದಲ್ಲಿ ಪಂಪ ಆದಿಪುರಾಣದಲ್ಲಿ ಹೇಳಿದ, ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ಭರತೇಶ ವೈಭವದಲ್ಲಿ ತನ್ನದೇ ರೀತಿಯಲ್ಲಿ ಹಾಡಿದ ಕತೆ ಇದು. ಫ್ಲಾರೆನ್ಸಿನವರು ತಮ್ಮ ಊರ ಬಾಗಿಲಿಗೆ ಹೋರಾಟಕ್ಕೆ ಅಣಿಯಾದವನನ್ನು ನಿಲ್ಲಿಸಿಕೊಂಡರು. ಕಾರ್ಕಳದ ಅರಸರು ತಮ್ಮ ರಾಜಧಾನಿಯ ನೆತ್ತಿಗೆ ಗೆದ್ದದ್ದನ್ನು ಬಿಟ್ಟವನನ್ನು ನಿಲ್ಲಿಸಿದರು. ಆಳುವವನೊಬ್ಬ ತನ್ನ ಕಣ್ಣೆದುರಿಗೆ ಇಂಥ ಮೂರ್ತಿಯನ್ನು ಇಟ್ಟುಕೊಂಡದ್ದು ಸಣ್ಣ ಸಂಗತಿಯಲ್ಲ.

ಆ ಅರಸ ಕಳಸ ಕಾರ್ಕಳ ರಾಜ್ಯದ ಭೈರರಸ ಒಡೆಯರ ಮನೆತನದ ವೀರಪಾಂಡ್ಯ. ಗುರು ಲಲಿತಕೀರ್ತಿಯ ಪ್ರೇರಣೆಯಿಂದ ಮೂರ್ತಿಯನ್ನು ಮಾಡಿಸಿದ ಎಂದು ಅಲ್ಲಿಯ ಶಾಸನ ಹೇಳುತ್ತದೆ. ಪ್ರತಿಷ್ಠೆಯಾದದ್ದು ಶಕ 1353, ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿ. ಇಂದಿನ ಲೆಕ್ಕದಲ್ಲಿ 1432ರ ಫೆಬ್ರವರಿ 13. ವಿಜಯನಗರದಲ್ಲಿ ಆಗ ಎರಡನೆಯ ದೇವರಾಯ ಆಳುತ್ತಿದ್ದ. ಬ್ರಹ್ಮಾವರದ ಬಳಿಯ ಬಾರಕೂರು ವಿಜಯನಗರದ ಒಂದು ಪ್ರಾಂತ್ಯದ ಕೇಂದ್ರವಾಗಿತ್ತು. ಕುಂದಾಪುರದ ಬಳಿಯ ಬಸ್ರೂರಿನ ಬಂದರಿಗೆ ಹಡಗುಗಳು ಬರುತ್ತಿದ್ದವು. ಅದೇ ವೇಳೆಗೆ ಫ್ಲಾರೆನ್ಸಿನಲ್ಲಿ ಬ್ರುನೆಲ್ಲೆಸ್ಕಿ ಮಹಾ ಇಗರ್ಜಿಯ ಗುಮ್ಮಟವನ್ನು ಮೇಲೇರಿಸುತ್ತಿದ್ದ. ಆ ಗುಮ್ಮಟ ಮುಗಿದ 1436ರಲ್ಲೇ ಕಾರ್ಕಳದಲ್ಲಿ ಗೊಮ್ಮಟನ ಮುಂದಿನ ಬ್ರಹ್ಮಸ್ತಂಭ ನಿಂತಿತು. ಪುರಾತನ ರೋಮನರ ನಂತರ ಯುರೋಪಿನಲ್ಲಿ ಸುತ್ತಲೂ ನೋಡಬಹುದಾದ ಮೊದಲ ಬೆತ್ತಲೆ ಮೂರ್ತಿ ಎಂದು ಹೆಸರಾದ ದೊನಾಟೆಲ್ಲೊನ ಕಂಚಿನ ಡೇವಿಡ್ ಕೂಡ ಕಾರ್ಕಳದ ಗೊಮ್ಮಟನಿಗಿಂತ ಈಚಿನದು ಎಂದೇ ಬಹಳ ಮಂದಿ ವಿದ್ವಾಂಸರ ಎಣಿಕೆ. ಕರ್ನಾಟಕದಲ್ಲಾದರೋ ಅಷ್ಟರಲ್ಲಿ ಶ್ರವಣಬೆಳಗೊಳದ ಗೊಮ್ಮಟನಿಗೆ ನಾನೂರೈವತ್ತು ವರ್ಷ ತುಂಬುತ್ತ ಬಂದಿತ್ತು.

ಕಾರ್ಕಳದ ಮೂರ್ತಿಯ ಎತ್ತರ ನಲವತ್ತೊಂದೂವರೆ ಅಡಿ. ಜನರ ಬಾಯಲ್ಲಿ 42. ಡೇವಿಡ್‌ನ ಎರಡೂವರೆ ಪಾಲು. ತೂಕ ಸುಮಾರು 80 ಟನ್ ಎಂದು ಅಂದಾಜು. ಶ್ರವಣಬೆಳಗೊಳದ್ದು ಬೆಟ್ಟದ ತುದಿಯ ಬಂಡೆಯಲ್ಲೇ ಕಡೆದು ಬಿಡಿಸಿದ ಮೂರ್ತಿ. ಅದನ್ನು ಯಾರೂ ಹೊರಬೇಕಾಗಿರಲಿಲ್ಲ. ಕಾರ್ಕಳದ್ದು ಬೇರೆಡೆ ಕಡೆದು ಬೆಟ್ಟಕ್ಕೆ ಏರಿಸಿದ್ದು. ಪ್ರತಿಷ್ಠೆಯಾಗಿ ಇನ್ನೂರು ವರ್ಷದ ಮೇಲೆ, 1646ರಲ್ಲಿ, ಚಂದ್ರಮ ಎಂಬ ಕವಿ ಕಾರ್ಕಳ ಗೊಮ್ಮಟೇಶ್ವರ ಚರಿತೆ ಎಂಬ ಕಾವ್ಯ ಬರೆದು, ಕಲ್ಲನ್ನು ಹುಡುಕಿದ್ದು, ಕಡೆದದ್ದು, ಗಾಲಿಗಳ ದೊಡ್ಡ ಬಂಡಿಯಲ್ಲಿರಿಸಿ ಜನ ಎಳೆದದ್ದು ಎಲ್ಲವನ್ನೂ ವರ್ಣಿಸಿದ್ದಾನೆ. ದಾರಿಯುದ್ದಕ್ಕೂ ಸಾವಿರ ಸಾವಿರ ತೆಂಗಿನಕಾಯಿ ಒಡೆದರು ಎಂಬ ಮಾತು ಊರಿನಲ್ಲಿ ಇಂದಿಗೂ ಇದೆ. ಫ್ಲಾರೆನ್ಸಿನ ಸಾಗಣೆಯನ್ನು ಕಣ್ಣಾರೆ ಕಂಡವನೊಬ್ಬ ದಿನಚರಿಯಲ್ಲಿ ಗಂಟೆ ಸಮೇತ ಬರೆದಿಟ್ಟ; ಕಾರ್ಕಳದ್ದು ಕಾವ್ಯದಲ್ಲೂ ಬಾಯಿಮಾತಿನಲ್ಲೂ ಉಳಿಯಿತು. ಮೈಕೆಲೆಂಜೆಲೊನ ಸಂಬಳ ಎಷ್ಟೆಂಬುದು ಕಾಗದದ ಮೇಲಿದೆ; ಕಾರ್ಕಳದ ಕಲ್ಲಿಗೆ ಉಳಿ ಹಿಡಿದವರ ಪಾಲಿಗೆ ಅಂಥ ಕಾಗದವಿಲ್ಲ. ಶಾಸನದಲ್ಲಿ ಎದ್ದು ಕಾಣುವುದು ಮಾಡಿಸಿದ ಅರಸ, ಪ್ರೇರೇಪಿಸಿದ ಗುರು.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಡುವುದು ಇಪ್ಪತ್ತನೆಯ ಶತಮಾನದ ಒಂದು ಕೆಲಸ. ಧರ್ಮಸ್ಥಳದ 39 ಅಡಿ ಬಾಹುಬಲಿಯನ್ನು ಕಡೆದವರು ಕಾರ್ಕಳದ ಶಿಲ್ಪಿ ರೆಂಜಾಳ ಗೋಪಾಲಕೃಷ್ಣ ಶೆಣೈ. ಕಾರ್ಕಳದ ಬಳಿಯ ಬಂಡೆಯಲ್ಲಿ ಕಡೆದ ಆ ಮೂರ್ತಿಯನ್ನು 1973ರಲ್ಲಿ ಸಾಲು ಸಾಲು ಚಕ್ರಗಳ ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಿದರು, ಪ್ರತಿಷ್ಠೆಯಾದದ್ದು 1982ರಲ್ಲಿ. ದಾರಿಯ ಊರೂರಿನ ಜನ ಮೆರವಣಿಗೆಯಂತೆ ಜೊತೆಗೆ ನಡೆದ ಆ ಸಾಗಣೆಯನ್ನು ಕಂಡ ಹಿರಿಯರು ಈಗಲೂ ಇದ್ದಾರೆ. ವೀರಪಾಂಡ್ಯನ ಕಾಲದಲ್ಲಿ ಇಂಧನದ ಯಂತ್ರವಿರಲಿಲ್ಲ ಎಂಬುದನ್ನು ಬಿಟ್ಟರೆ, ದಾರಿ ಗಟ್ಟಿಮಾಡುವುದು, ಭಾರವನ್ನು ಹಂಚುವುದು, ಇಳಿಜಾರಿನಲ್ಲಿ ತಡೆದು ಹಿಡಿಯುವುದು, ನಿಲ್ಲಿಸುವಾಗ ಒಂದು ಬೆರಳಿನಷ್ಟೂ ಓರೆಯಾಗದಂತೆ ನೋಡುವುದು ಇವೆಲ್ಲ ಅಂದಿಗೂ ಇಂದಿಗೂ ಒಂದೇ ಕಷ್ಟ. ನಡುವೆ 1604ರಲ್ಲಿ ವೇಣೂರಿನಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಗೊಮ್ಮಟನೂ ಸೇರಿದರೆ, ಕರಾವಳಿಯ ಈ ಪುಟ್ಟ ಪ್ರದೇಶದಲ್ಲಿ ಮೂರು ಮಹಾಮೂರ್ತಿಗಳು.

ಕಲ್ಲಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಎರಡು ಶಿಲ್ಪಗಳ ಹಣೆಬರಹ ಬೇರೆಯಾದದ್ದು ಅಲ್ಲಿಯೇ. ಅಮೃತಶಿಲೆ ಎಂದರೆ ಭೂಮಿಯೊಳಗಿನ ಶಾಖ ಮತ್ತು ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಸುಣ್ಣಕಲ್ಲು. ಅದರ ಮುಖ್ಯ ಖನಿಜ ಕ್ಯಾಲ್ಸೈಟ್. ಗಡಸುತನದ ಹತ್ತರ ಅಳತೆಯಲ್ಲಿ ಅದು ಮೂರರ ಆಸುಪಾಸು. ಉಳಿಗೆ ಒಗ್ಗುತ್ತದೆ, ಬೆಳಕು ಅದರ ಮೇಲ್ಮೈಯ ಒಳಕ್ಕೆ ಸ್ವಲ್ಪ ಇಳಿದು ಹೊರಬರುತ್ತದೆ, ಹಾಗಾಗಿ ಚರ್ಮದ ಭಾವ ಬರುತ್ತದೆ. ಆದರೆ ಆಮ್ಲ ತಾಗಿದರೆ ಕರಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದ ಮಳೆನೀರೂ ಅದಕ್ಕೆ ಮೆಲ್ಲನೆಯ ಆಮ್ಲವೇ. ನಮ್ಮ ಕಡೆ ಶಿಲೆಕಲ್ಲು ಎನ್ನುವ ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್‌ಗಳಿದ್ದು, ಗಡಸುತನ ಆರರಿಂದ ಏಳು. ಮಳೆಯ ಆಮ್ಲ ಅದನ್ನು ಸುಲಭವಾಗಿ ಕದಲಿಸಲಾರದು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ, ಫ್ಲಾರೆನ್ಸಿನ ನಾಲ್ಕೈದು ಪಾಲು. ಡೇವಿಡ್ ಈ ಜಡಿಮಳೆಗೆ ನಿಂತಿದ್ದರೆ ಅವನ ಕೈಯ ನರಗಳು ಎಂದೋ ಅಳಿಸಿಹೋಗಿರುತ್ತಿದ್ದವು.

ಗಡಸು ಕಲ್ಲು ಶಿಲ್ಪಿಯ ಭಾಷೆಯನ್ನೂ ನಿರ್ಧರಿಸುತ್ತದೆ. ಗ್ರಾನೈಟಿನಲ್ಲಿ ಉಬ್ಬಿದ ನರ, ಸಡಿಲ ಗುಂಗುರು, ಹುಬ್ಬಿನ ಗಂಟು ಇವನ್ನು ಬಿಡಿಸುವುದು ಬಲು ಕಷ್ಟ, ಬಿಡಿಸಿದರೂ ಬಯಲ ಬೆಳಕಿನಲ್ಲಿ ದೂರದಿಂದ ಕಾಣವು. ಕಾರ್ಕಳದ ಶಿಲ್ಪಿಗಳು ಅದರ ಗೊಡವೆಗೆ ಹೋಗಲಿಲ್ಲ. ದೊಡ್ಡ ದೊಡ್ಡ ನುಣುಪಾದ ಮೈಭಾಗಗಳು, ಅಗಲವಾದ ಹೆಗಲು, ನೇರವಾಗಿ ಇಳಿದ ತೋಳುಗಳು, ಎರಡೂ ಕಾಲಿನ ಮೇಲೆ ಸಮನಾಗಿ ಬಿದ್ದ ಭಾರ. ಡೇವಿಡ್‌ನ ಮೈಯಲ್ಲಿ ಒಂದು ಸೊಂಟ ಏರಿ ಒಂದು ಹೆಗಲು ಇಳಿದಿದ್ದರೆ, ಇಲ್ಲಿ ಯಾವುದೂ ಏರಿಲ್ಲ, ಇಳಿದಿಲ್ಲ. ಈ ನಿಲುವಿಗೆ ಕಾಯೋತ್ಸರ್ಗವೆಂದು ಹೆಸರು, ಅಂದರೆ ದೇಹದ ಹಂಗನ್ನು ಬಿಟ್ಟು ನಿಲ್ಲುವುದು. ಆ ನಿಲುವಿನಲ್ಲಿ ಒನಪು ಸಲ್ಲುವುದಿಲ್ಲ. ಚಲನೆ ಇರುವುದು ಬಳ್ಳಿಯಲ್ಲಿ ಮಾತ್ರ. ಕಾಲಿನಿಂದ ಮೇಲೇರಿ ತೊಡೆಯನ್ನು ಬಳಸಿ ತೋಳಿಗೆ ಸುತ್ತುವ ಆ ಬಳ್ಳಿಯ ಎಲೆಗಳನ್ನು ಹತ್ತಿರ ನಿಂತು ನೋಡಿದರೆ ಶಿಲ್ಪಿ ತನ್ನ ಕುಶಲತೆಯನ್ನೆಲ್ಲ ಎಲ್ಲಿ ಸುರಿದ ಎಂಬುದು ತಿಳಿಯುತ್ತದೆ. ಆಧಾರದ ಮಾತಿಗೆ ಬಂದರೆ, ಡೇವಿಡ್‌ಗೆ ಮರದ ಬೊಡ್ಡೆ ಹೇಗೋ ಗೊಮ್ಮಟನ ಹಿಂದೆ ಕಲ್ಲಿನ ಹಲಗೆ ಹಾಗೆ. ಬೆತ್ತಲೆಯನ್ನು ಮುಚ್ಚಲು ಇಲ್ಲಿ ಯಾರೂ ಲೋಹದ ಮಾಲೆ ಮಾಡಿಸಲಿಲ್ಲ. ಎಲ್ಲವನ್ನೂ ಬಿಟ್ಟವನಿಗೆ ದಿಕ್ಕೇ ಬಟ್ಟೆ.

ಎದುರಿನ ತಗ್ಗು ಗುಡ್ಡದ ಮೇಲಿನ ಚತುರ್ಮುಖ ಬಸದಿಯನ್ನೂ ಈ ನೋಟದಲ್ಲಿ ಸೇರಿಸಿಕೊಳ್ಳಬೇಕು. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಈ ಬಸದಿಗೆ ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಿನಿಂದ ಬಂದರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರು. ಬಸದಿಯ ಜಗಲಿಯಿಂದ ತಲೆಯೆತ್ತಿದರೆ ಗೊಮ್ಮಟ. ಫ್ಲಾರೆನ್ಸಿನ ಚೌಕದಲ್ಲಿ ಡೇವಿಡ್ ಬಂದ ಮೇಲೆ ಬಂಡಿನೆಲ್ಲಿಯ ಹರ್ಕ್ಯುಲಿಸ್, ಚೆಲ್ಲಿನಿಯ ಪರ್ಸಿಯಸ್, ಜಾಂಬೊಲೊನ್ಯನ ಶಿಲ್ಪಗಳು ಒಂದೊಂದಾಗಿ ಬಂದು ನಿಂತವು. ಒಂದು ದೊಡ್ಡ ಶಿಲ್ಪ ತನ್ನ ಸುತ್ತ ಬೇರೆ ಶಿಲ್ಪಗಳನ್ನು ಕರೆದುಕೊಳ್ಳುತ್ತದೆ. ಕಾರ್ಕಳದಲ್ಲಿ ಬ್ರಹ್ಮಸ್ತಂಭ, ಚತುರ್ಮುಖ ಬಸದಿ, ಹಿರಿಯಂಗಡಿಯ ಬಸದಿಗಳು ಮತ್ತು ಮಾನಸ್ತಂಭ ಆ ರೀತಿಯ ಬಳಗ.

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಇಂಥ ಮಹಾಮೂರ್ತಿ ಇಲ್ಲ. ಇಲ್ಲಿಯ ಶಿಲ್ಪ ಸಣ್ಣ ಅಳತೆಯದು, ಗುಡಿಯೊಳಗಿನದು. ಊರ ಮನೆಗೋಡೆಗಳನ್ನೆಲ್ಲ ಕಟ್ಟಿರುವ ಮುರಕಲ್ಲು ತೂತುತೂತಾದ ಕಲ್ಲು, ಅದರಲ್ಲಿ ಮೂಗು ಕಣ್ಣು ತಿದ್ದಲಾಗದು; ಮೂರ್ತಿಗೆ ಶಿಲೆಕಲ್ಲೇ ಬೇಕು. ಬೈಂದೂರಿನ ಸೇನೇಶ್ವರ ದೇವಸ್ಥಾನದ ಕೆತ್ತನೆ, ಹಟ್ಟಿಯಂಗಡಿಯ ಜಟೆಯುಳ್ಳ ವಿನಾಯಕ, ಬಾರಕೂರಿನ ಕೇರಿಗಳ ಗುಡಿಗಳು, ಕತ್ತಲೆ ಬಸದಿ, ಅಲ್ಲಲ್ಲಿ ನಿಂತ ಶಾಸನ ಮತ್ತು ವೀರಗಲ್ಲುಗಳು, ಇವು ಈ ಸೀಮೆಯ ಕಲ್ಲಿನ ಆಸ್ತಿ. ಆದರೆ ಡೇವಿಡ್‌ನ ಸಂಗತಿಗೆ ನೇರವಾಗಿ ಉತ್ತರ ಕೊಡುವುದು ಕಲ್ಲಲ್ಲ, ಮರ. ಬ್ರಹ್ಮಾವರ ತಾಲೂಕಿನ ಶಿರಿಯಾರದ ಬಳಿ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನವಿದೆ. ಕೆಂಪು ಬಣ್ಣ ಬಳಿದ ಆಳೆತ್ತರದ ಮರದ ದೈವಮೂರ್ತಿಗಳು ಅಲ್ಲಿ ಸಾಲುಗಟ್ಟಿ ನಿಂತಿವೆ: ಅಗಲಿಸಿದ ಕಣ್ಣು, ಕೈಯಲ್ಲಿ ಆಯುಧ, ನಡುವೆ ಭಾರೀ ನಂದಿ. ಅಲ್ಲಿಯ ಹಳೆಯ ಮೂರ್ತಿಗಳು ಜೀರ್ಣವಾದಾಗ ಹೊಸದನ್ನು ಕೆತ್ತಿಸಿ ಕೂರಿಸಲಾಯಿತು. ಹಳೆಯವು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ಮೇಲ್ನೋಟಕ್ಕೆ ಫ್ಲಾರೆನ್ಸಿನಲ್ಲಿ ಆದದ್ದೇ ಇಲ್ಲೂ ಆಗಿದೆ, ಮೂಲ ವಸ್ತುಸಂಗ್ರಹಾಲಯದಲ್ಲಿ, ಹೊಸತು ಮೂಲದ ಜಾಗದಲ್ಲಿ. ಆದರೆ ಅರ್ಥ ಬೇರೆ. ಚೌಕದ ಡೇವಿಡ್ ಎಷ್ಟು ಚೆನ್ನಾಗಿದ್ದರೂ ಪ್ರತಿಕೃತಿಯೇ, ಏಕೆಂದರೆ ಅಲ್ಲಿ ಬೆಲೆಯಿರುವುದು ಮೈಕೆಲೆಂಜೆಲೊನ ಕೈಗೆ. ಮೆಕ್ಕೆಕಟ್ಟಿಗೆ ಹರಕೆ ಹೊತ್ತು ಬರುವವರ ಪಾಲಿಗೆ ವಿಧಿಪೂರ್ವಕ ಪ್ರತಿಷ್ಠೆಯಾದ ಹೊಸ ಮೂರ್ತಿಯೇ ಮೂಲ. ದೈವ ದೆಹಲಿಗೆ ಹೋಗಿಲ್ಲ. ಮರದಲ್ಲಿ ಕೆತ್ತುವ ಸಂಪ್ರದಾಯವೇ ಮರ ಮುಪ್ಪಾಗುತ್ತದೆ ಎಂಬುದನ್ನು ಒಪ್ಪಿಕೊಂಡು ಹುಟ್ಟಿದ್ದು. ಹಾಗೆಂದು ಹಳೆಯ ಕೆತ್ತನೆಗೆ ಬೆಲೆಯಿಲ್ಲವೆಂದಲ್ಲ. ಅದನ್ನು ಕೆತ್ತಿದ ಕೈ ಮತ್ತೆ ಬಾರದು. ಅದನ್ನು ಕಾಪಾಡಿದ್ದು ಸರಿಯಾದ ಕೆಲಸ. ಇಲ್ಲಿಯ ಮಕ್ಕಳು ಅದನ್ನು ನೋಡಲು ದೆಹಲಿಗೆ ಹೋಗಬೇಕಾಗಿರುವುದು ಮಾತ್ರ ನೋವಿನ ಸಂಗತಿ.

ಎರಡು ಲೋಕದ ಶಿಲ್ಪವನ್ನು ಒಂದೇ ಕಣ್ಣಿನಲ್ಲಿ ನೋಡುವುದು ಈ ಸೀಮೆಗೆ ಹೊಸತೇನಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಯುರೋಪನ್ನು ಸುತ್ತಿ ಬಂದು ಅಪೂರ್ವ ಪಶ್ಚಿಮ ಬರೆದರು. ಚಾಲುಕ್ಯರ ವಾಸ್ತುಶಿಲ್ಪದ ಮೇಲೂ ಬರೆದರು. ಅಲ್ಲಿಯದನ್ನು ಕಂಡು ಬೆರಗಾಗಿ ಇಲ್ಲಿಯದನ್ನು ಕೀಳುಗಳೆಯಲಿಲ್ಲ, ಇಲ್ಲಿಯ ಅಭಿಮಾನಕ್ಕೆ ಅಲ್ಲಿಯದನ್ನು ತಳ್ಳಿಹಾಕಲೂ ಇಲ್ಲ. ನೋಡುವ ಕ್ರಮ ಹಾಗಿರಬೇಕು.

ಕುಂದಾಪುರ ಕಡೆಯವರಿಗೆ ಕಾರ್ಕಳ ಅರ್ಧ ದಿನದ ಹಾದಿ. ಹೆದ್ದಾರಿ 66ರಲ್ಲಿ ಬ್ರಹ್ಮಾವರ ದಾಟಿ ಉಡುಪಿಗೆ ಬಂದು, ಮಣಿಪಾಲ, ಹಿರಿಯಡ್ಕ, ಬೈಲೂರಿನ ಮೇಲೆ ಹೋದರೆ ಊರು ಸಿಗುವ ಮೊದಲೇ ಮೂರ್ತಿಯ ತಲೆ ಹೆಗಲುಗಳು ಕಾಣುತ್ತವೆ. ಬೆಳಗ್ಗೆ ಬೇಗ ಹತ್ತುವುದು ಒಳ್ಳೆಯದು; ಹೊತ್ತೇರಿದರೆ ಬಂಡೆ ಕಾಯುತ್ತದೆ. ಪಾಗಾರದ ಬಾಗಿಲು ದಾಟಿದ ಕೂಡಲೇ ಪಾದದ ಬಳಿಗೆ ಓಡದೆ ಸ್ವಲ್ಪ ಹಿಂದೆಯೇ ನಿಂತು ಇಡೀ ನಿಲುವನ್ನು ನೋಡಬೇಕು, ಆಮೇಲೆ ಹತ್ತಿರ ಹೋಗಿ ಬಳ್ಳಿಯನ್ನು, ಪಕ್ಕಕ್ಕೆ ಹೋಗಿ ಹಿಂದಿನ ಹಲಗೆಯನ್ನು, ಕೊನೆಗೆ ಶಾಸನವನ್ನು. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ ಕಾರ್ಕಳದಲ್ಲಿ 2015ರಲ್ಲಿ ನಡೆಯಿತು. ಆ ಲೆಕ್ಕದಲ್ಲಿ ಮುಂದಿನದು 2027ಕ್ಕೆ ಬರುತ್ತದೆ. ಅಭಿಷೇಕದ ಕಾಲದಲ್ಲಿ ಅಟ್ಟಣಿಗೆ ಏರುತ್ತದೆ, ಜನ ಸೇರುತ್ತಾರೆ, ಹಾಲು ಅರಿಸಿನ ಚಂದನಗಳಲ್ಲಿ ಮೂರ್ತಿ ಬಣ್ಣ ಬದಲಿಸುತ್ತದೆ. ಆ ಸಂಭ್ರಮವನ್ನು ಕಣ್ತುಂಬ ನೋಡಬೇಕಾದದ್ದೇ. ಆದರೆ ಕಲ್ಲಿನ ಕೆಲಸ ತಿಳಿಯಬೇಕೆನ್ನುವವರು ಅದಕ್ಕೆ ಮೊದಲೇ, ಅಟ್ಟಣಿಗೆಯಿಲ್ಲದ ಒಂದು ಬೆಳಗ್ಗೆ, ಮಕ್ಕಳನ್ನೂ ಕರೆದುಕೊಂಡು ಒಮ್ಮೆ ಹೋಗಿ ಬರಬೇಕು.